ಬಟನ್ ಫೋನಿಗೆ ಬಾರದ ಕರೆಯೋಲೆ

ಮರೆಪ್ಪನವರು ಫೋನು ಬದಲಿಸಿದ ಸುದ್ದಿಯನ್ನು ಮನೆಗೆ ತಂದದ್ದು ಆ ಫೋನೇ. ಸಂಜೆ ಅವರು ಐವಾನ್-ಎ-ಶಾಹಿ ಬಡಾವಣೆಯ ತಮ್ಮ ಓಣಿಯ ತಿರುವಿಗೆ ಬಂದಿದ್ದರಷ್ಟೇ, ಅಂಗಿಯ ಜೇಬಿನೊಳಗಿಂದ ಶಹನಾಯಿ, ಡೋಲು ಎರಡೂ ಒಮ್ಮೆಲೇ ಶುರುವಾದವು. ರೊಟ್ಟಿ ಬಡಿಯುತ್ತಿದ್ದ ಸೊಸೆ ಅಂಜನಾ, ಯಾರದೋ ಮದುವೆ ಮೆರವಣಿಗೆ ಬಂತೆಂದು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿದಳು. ನೋಡಿದರೆ ಮದುಮಗನೂ ಇಲ್ಲ, ಕುದುರೆಯೂ ಇಲ್ಲ. ಮಾವ ಒಬ್ಬರೇ ಬೆಂಕಿಪೊಟ್ಟಣದಂಥ ಫೋನನ್ನು ಕಿವಿಗೆ ಒತ್ತಿಕೊಂಡು, "ಹಾಂ, ಕೇಳ್ತದ, ಛಲೋ ಕೇಳ್ತದ," ಎನ್ನುತ್ತ ಬರುತ್ತಿದ್ದರು. ಆ ಕಡೆಯವನ ಮಾತು ಅವರಿಗಷ್ಟೇ ಅಲ್ಲ, ಇಡೀ ಓಣಿಗೆ ಛಲೋ ಕೇಳುತ್ತಿತ್ತು.

"ಏನ್ರಿ ಇದು ಗದ್ದಲ?" ಅತ್ತೆ ಸೂಗಮ್ಮ ಒಳಗಿನಿಂದಲೇ ಕೇಳಿದರು.

"ಬಟನ್ ಫೋನು. ಗುಫ್ರಾನನ ಅಂಗಡ್ಯಾಗ ತಗೊಂಡೆ. ಆ ದೊಡ್ಡ ಫೋನು ಸಾಕಾತು. ಕಣ್ಣು ಉರೀತಾವ, ಹೆಬ್ಬೆಟ್ಟು ನೋಯ್ತದ. ಇದರಾಗ ಮಾತಾಡೋದು, ಇಡೋದು. ಖೇಲ್ ಖತಂ."

"ನನ್ನ ಹಡದವ್ವ! ಇನ್ಮ್ಯಾಲರೆ ಊಟಕ್ಕ ಕುಂತಾಗ ನನ್ನ ಮಾರಿ ನೋಡ್ತೀರಿ."

"ಅದೊಂದಽ ತ್ರಾಸ ನೋಡು," ಎಂದರು ಮರೆಪ್ಪ.

ಸೂಗಮ್ಮನವರ ಖುಷಿಗೆ ಕಾರಣವಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಭಾಂಡೆ ಅಂಗಡಿ ಇಟ್ಟು ಅರ್ಧ ಕಲಬುರಗಿಯ ಅಡುಗೆಮನೆಗಳಿಗೆ ತಾಟು, ತಪೇಲಿ ಕೊಟ್ಟ ಮನುಷ್ಯ, ಕಳೆದ ಎರಡು ವರ್ಷಗಳಿಂದ ಮಜ್ಜಿಗೆಯ ಚರಿಗೆಗೆ ಫೋನು ಒರಗಿಸಿಟ್ಟುಕೊಂಡು ಉಣ್ಣುತ್ತಿದ್ದರು. ಕೋಳಿಗಿಂತ ಮೊದಲೇ ಎದ್ದು ಬಂಧುಬಳಗಕ್ಕೆಲ್ಲ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಿದ್ದರು. ಅಂಥವರು ಒಂದೇ ದಿನದಲ್ಲಿ ಸನ್ಯಾಸ ತೆಗೆದುಕೊಂಡರೆ ಯಾರಿಗಾದರೂ ಅನುಮಾನ ಬರಬೇಕಲ್ಲ? ಅಂಜನಾಗೆ ಬಂತು. ಯಾಕೆಂದರೆ ಅದೇ ದಿನ ಬೆಳಗ್ಗೆ ಕಮಲಾಪುರದಿಂದ ಅವಳ ತಮ್ಮ ಆನಂದಕುಮಾರ, ತನ್ನ ಕೂಸಿನ ತೊಟ್ಟಿಲ ಕಾರ್ಯದ ಪತ್ರಿಕೆಯನ್ನು ಎಲ್ಲರಿಗೂ ವಾಟ್ಸಪ್ಪಿನಲ್ಲಿ ಕಳಿಸಿದ್ದ.

ತಮ್ಮನ ಮದುವೆಯಾಗಿ ಎಷ್ಟೋ ವರ್ಷಕ್ಕೆ, ಹರಕೆ ಹೊತ್ತು ಆಸ್ಪತ್ರೆ ಅಲೆದು ಪಡೆದ ಕೂಸು ಅದು. ತೊಟ್ಟಿಲಿಗೆ ಹಾಕಿದ ಮೇಲೆ ಕೂಸಿನ ಕಿವಿಯಲ್ಲಿ "ಕುರ್‍ರ್" ಎಂದು ಮೊಟ್ಟಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಬಗ್ಗಿ ಹೆಸರು ಹೇಳುವಾಗ ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದಬೇಕು. ಇದು ಶಾಸ್ತ್ರ, ಮತ್ತು ಕಮಲಾಪುರದ ಹೆಂಗಸರು ಶಾಸ್ತ್ರದಲ್ಲಿ ಕೈ ಬಿಗಿ ಹಿಡಿಯುವವರಲ್ಲ. ಆ ಕೂಸಿಗೆ ಇರುವ ಸೋದರತ್ತೆ ಅಂಜನಾ ಒಬ್ಬಳೇ. ಹೆಸರನ್ನು ಆರಿಸಿ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು, ಗಂಡನಿಗೂ ಹೇಳಿರಲಿಲ್ಲ.

ಊಟಕ್ಕೆ ಪುಂಡಿ ಪಲ್ಯ ಬಡಿಸುತ್ತ ಅವಳು ಮೆಲ್ಲಗೆ ಮಾತು ತೆಗೆದಳು. "ಮಾವಾರ, ಕಮಲಾಪುರಕ್ಕ ಹೋಗೋದದ ನೋಡ್ರಿ ಎಲ್ಲಾರೂ."

"ಯಾಕ?"

"ತೊಟ್ಟಿಲ ಕಾರ್ಯ ಅದಲ್ರಿ. ನಿಮ್ಮ ಫೋನಿಗೆ ಪತ್ರಿಕಿ ಬಂದಿತ್ತು."

"ನನ್ನ ಫೋನು ಇದು." ಮರೆಪ್ಪ ಬಟನ್ ಫೋನನ್ನು ತಾಟಿನ ಪಕ್ಕಕ್ಕೆ ಇಟ್ಟರು. "ಇದಕ್ಕೇನೂ ಬಂದಿಲ್ಲ."

"ಹಳೇ ಫೋನಿಗೆ ಬಂದಿತ್ತಲ್ರಿ. ನೀವು ನೋಡೀರಿ ಅಂತ ಎರಡು ನೀಲಿ ಗೆರಿ ಬಿದ್ದಾವ ಅಂತ ಆನಂದ ಹೇಳಿದ."

"ಫೋನು ನೋಡಿರಬೇಕು. ನಾ ನೋಡಿಲ್ಲ."

ಅಲ್ಲಿಗೆ ಎಲ್ಲರಿಗೂ ಕಣ್ಣುರಿಯ ಮೂಲ ಗೊತ್ತಾಯಿತು. ಖಾಸಗಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಮಗ ಗುರುಪ್ರಸಾದ, ಅಪ್ಪನ ಮುಂದೆ ಮಾತಾಡುವ ಬದಲು ಶೇಂಗಾ ಹಿಂಡಿಯ ಡಬ್ಬಿಯೊಳಗೆ ಏನೋ ಹುಡುಕತೊಡಗಿದ.

"ಬೀಗರು ಅಂದ್ರ ಹೆಂಗಿರಬೇಕು?" ಮರೆಪ್ಪನವರ ದನಿ ಏರಿತು. "ಕುಂಕುಮ, ಅಕ್ಷತಿ ಹಿಡ್ಕೊಂಡು ಬರಬೇಕು. ಎದುರಿಗೆ ನಿಂತು 'ಬರ್ರಿ' ಅನಬೇಕು. ಟ್ರಾನ್ಸ್‌ಪೋರ್ಟಿನಾಗ ನಿಮ್ಮ ಮಾಲು ಬಂದದ ಅಂತ ಮೆಸೇಜ್ ಬಂದಂಗ ಬಂದ್ರ ನಾ ಎದ್ದು ಓಡಬೇಕೇನು? ಇಜ್ಜತ್ ಅನ್ನೋದು ಅದನೋ ಇಲ್ಲೋ?"

"ನಮ್ಮಪ್ಪಗ ಮೊಣಕಾಲು ನೋವದ್ರಿ. ಕಾರ್ಯ ಬರೋ ತಿಂಗಳು..."

"ತಾರೀಖು ಹೇಳಬ್ಯಾಡ!" ಮರೆಪ್ಪ ಎಡಗೈಯಿಂದ ಕಿವಿ ಮುಚ್ಚಿಕೊಂಡರು. "ಹೇಳಿದ್ರ ಕರದಂಗ ಆಗ್ತದ. ಈ ಮನ್ಯಾಗ ಯಾರೂ ನನ್ನ ಮುಂದ ತಾರೀಖು ಎತ್ತಬಾರದು."

ಆಮೇಲೆ ಗುರುಪ್ರಸಾದ ಒಳಗೆ ಬಂದು ಹೆಂಡತಿಗೆ ಸಮಾಧಾನ ಹೇಳಿದ. "ನೀ ಒಬ್ಬಾಕಿನೇ ಹೋಗಿ ಬಾ. ಯಾರು ಬ್ಯಾಡ ಅಂತಾರ?"

"ಒಬ್ಬಾಕಿ ಹೋದ್ರ, ಗಂಡನ ಮನಿಯವರು ಯಾಕ ಬರಲಿಲ್ಲ ಅಂತ ಮಂದಿ ಕೇಳ್ತದ. ಏನು ಹೇಳ್ಲಿ? ನಮ್ಮ ಮಾವನ ಫೋನು ಸಣ್ಣದದ ಅಂತ ಹೇಳ್ಲಾ?"

ಗುರುಪ್ರಸಾದ ಹಾಸಿಗೆ ಹಾಸಿದ. ಅಪ್ಪ, ಹೆಂಡತಿ ಇಬ್ಬರ ನಡುವೆ ಸಿಕ್ಕಾಗಲೆಲ್ಲ ಅವನಿಗೆ ನಿದ್ದೆ ಬರುತ್ತಿತ್ತು.

ಮದುವೆ ಸೀಸನ್ನು ಬೇರೆ. ಮರೆಪ್ಪನವರ ಫೋನಿನಲ್ಲಿ ವಾಟ್ಸಪ್ ಇಲ್ಲ, ಮನೆಗೇ ಹೋಗಿ ಕರೆಯಬೇಕು ಎಂಬ ಮಾತು ಬಳಗದಲ್ಲೆಲ್ಲ ಹಬ್ಬಿತು. ಹಬ್ಬಿಸಿದವರು ಯಾರು ಎಂದು ಬೇರೆ ಹೇಳಬೇಕೆ? ಬಂತು ನೋಡಿ ಮಂದಿ! ಕೋಟನೂರಿನ ಷಡ್ಡಕರು ಮಗನ ಮದುವೆಗೆ ಕರೆಯಲು ಬಂದರು. ಅಂಗಡಿ ಪಕ್ಕದ ರಾಮಣ್ಣ ಮೊಮ್ಮಗನ ಜವಳಕ್ಕೆ ಕರೆಯಲು ಹೆಂಡತಿ, ಇಬ್ಬರು ಸೊಸೆಯರ ಸಮೇತ ಬಂದ. ಹೆಸರೇ ನೆನಪಿಲ್ಲದ ಅತ್ತಿಗೆಯ ಅಕ್ಕನ ಮಗನೊಬ್ಬ ಸೀಮಂತಕ್ಕೆ ಕರೆಯಲು ಬಂದು, ಊಟಕ್ಕೂ ಕೂತು, ರೊಟ್ಟಿ ಮೆತ್ತಗಿವೆ ಎಂದು ಹೊಗಳಿ ಇನ್ನೆರಡು ಹಾಕಿಸಿಕೊಂಡ. ಮರೆಪ್ಪನವರ ಹಣೆಯ ಕುಂಕುಮ ಆರುವ ಮೊದಲೇ ಇನ್ನೊಬ್ಬರು ಬಂದು ಹಚ್ಚುತ್ತಿದ್ದರು.

"ನೋಡ್ದ್ಯಾ? ಮನಿಷ್ಯಾಗ ಮರ್ಯಾದಿ ಅಂದ್ರ ಇದು," ಎಂದು ಅವರು ಹೆಂಡತಿಗೆ ಹೇಳಿದರು.

"ಮರ್ಯಾದಿ ನಿಮಗ, ಚಾ ನಮಗ," ಎಂದರು ಸೂಗಮ್ಮ. "ಸಕ್ರಿ ಡಬ್ಬಿ ತಳಾ ಕಂಡದ. ಚುರುಮುರಿ ನೆನಸಿ ಸುಸಲಾ ಮಾಡಿ ಮಾಡಿ ಈ ಹುಡುಗಿ ಕೈ ಜೋಮು ಹಿಡದದ. ಆ ದೊಡ್ಡ ಫೋನಿದ್ದಾಗ ನೀವೊಬ್ರಽ ಹಾಳಾಗಿದ್ರಿ. ಈಗ ಮನಿಮಂದಿ ಎಲ್ಲಾ ಹಾಳಾಗೀವಿ."

ಚಹಾದ ಕೃಪೆಯಿಂದ ಗ್ಯಾಸು ಬೇಗ ಮುಗಿಯಿತು. ಹೊಸ ಸಿಲಿಂಡರು ಬಾಗಿಲಿಗೆ ಬಂದಾಗ ತಂದವನು ಕೋಡ್ ನಂಬರು ಕೇಳಿದ. ಅದು ಬರುವುದು ಅಂಗಡಿಯಲ್ಲಿ ಕೂತ ಮರೆಪ್ಪನವರ ಫೋನಿಗೆ. ಅಂಜನಾ ಫೋನು ಹಚ್ಚಿದಳು.

"ಬಂದದ," ಎಂದರು ಮಾವ. "ಆದ್ರ ಹೇಳಂಗಿಲ್ಲ. ಯಾರಿಗೂ ಹೇಳಬ್ಯಾಡ್ರಿ ಅಂತ ದಿನಾ ಹೇಳ್ತಾರ."

"ಮಾವಾರ, ನಾ ಅಂಜನಾ ಮಾತಾಡಾಕತ್ತೀನಿ."

"ಕಳ್ಳರೂ ಹಂಗಽ ಅಂತಾರ, ನಾ ನಿಮ್ಮ ಮನಿಯಾಕಿ ಅಂತ."

ಸೂಗಮ್ಮ ಸೊಸೆಯ ಕೈಯಿಂದ ಫೋನು ಕಸಿದುಕೊಂಡರು. "ಹೇಳ್ತೀರೋ, ನಾನಽ ಅಂಗಡಿಗೆ ಬರ್ಲೋ?"

ಕೋಡು ತಕ್ಷಣ ಬಂತು. ಇಂಥ ದನಿಯನ್ನು ಯಾವ ಕಳ್ಳನಿಂದಲೂ ತೆಗೆಯಲು ಆಗುವುದಿಲ್ಲವೆಂದು ಮರೆಪ್ಪನವರಿಗೆ ಅಷ್ಟು ವರ್ಷದ ಸಂಸಾರದಲ್ಲಿ ಗೊತ್ತಾಗಿತ್ತು.

ಹೀಗೆ ಯಾರ್‍ಯಾರೋ ಬಂದರು, ಕಮಲಾಪುರದವರು ಮಾತ್ರ ಬರಲಿಲ್ಲ. ಬಾಗಿಲ ಸಪ್ಪಳವಾದಾಗಲೆಲ್ಲ ಅಂಜನಾಗೆ ಅಪ್ಪನೇ ಬಂದ ಅನಿಸುವುದು, ಓಡಿ ಹೋಗಿ ನೋಡಿದರೆ ಇನ್ನಾರೋ, ಮತ್ತೆ ಚಹಾ. ಅವಳ ಅಪ್ಪ ಅಂಬಣ್ಣನವರು ಒಂದು ದಿನ ಮಗನ ಕೈಯಿಂದ ಬಟನ್ ಫೋನಿಗೇ ಮೆಸೇಜು ಬರೆಸಿ ಕಳಿಸಿದರು. ಆ ಫೋನಿಗೆ ಕನ್ನಡ ಬಾರದು. ಮರೆಪ್ಪ ಅದನ್ನು ಮನೆಮಂದಿಗೆಲ್ಲ ತೋರಿಸಿದರು. ಪರದೆಯ ತುಂಬ ಬರೀ ಚೌಕ ಚೌಕ ಡಬ್ಬಿಗಳು.

"ಇದೇನು ಆಮಂತ್ರಣನೋ, ಕಿಟಕಿ ಜಾಳಿಗಿನೋ?" ಎಂದು ಕೇಳಿದರು.

ಅಂಜನಾಗೆ ತಡೆಯಲಾಗಲಿಲ್ಲ. ಹಿತ್ತಿಲಿಗೆ ಹೋಗಿ ಅಪ್ಪನಿಗೆ ಫೋನು ಮಾಡಿದಳು. "ಅಪ್ಪಾ, ಒಂದ್ಸಲ ಬಂದು ಕರದು ಹೋಗಬಾರದೇನು? ತಾಸಿನ ಹಾದಿ. ಆನಂದನ ಗಾಡಿ ಮ್ಯಾಲ ಬಾ."

"ಬರ್ತಿದ್ದೆ ಬೇ ತಂಗಿ. ಮೊಣಕಾಲು ನೋವು ಅನ್ನೋದು ಒಂದು ನೆವ. ಖರೇ ಮಾತು ಹೇಳ್ಲೇನು? ನಿಮ್ಮ ಮಾವ ಅಂಗಡಿ ದೊಡ್ಡದು ಮಾಡಿ ಪೂಜಾ ಇಟ್ಟಿದ್ರಲ್ಲ, ಆವಾಗ ನನಗ ಹೆಂಗ ಕರದ್ರು?"

ಅಂಜನಾ ನೆನಪು ಮಾಡಿಕೊಂಡಳು.

"ವಾಟ್ಸಪ್ಪಿನಾಗ," ಎಂದರು ಅಂಬಣ್ಣ. "ಆಗಷ್ಟೇ ಹೊಸಾ ಫೋನ್ ತಗೊಂಡಿದ್ರು, ಹುರುಪು ಭಾಳಿತ್ತು. ನಾ ಏನರೆ ಅಂದ್ನೇನು? ಮಗಳ ಮನಿ ಅಂತ ಕೆಂಪು ಬಾಳಿ ಗೊನಿ ಹೊತ್ಕೊಂಡು ಬಂದೆ, ಉಂಡೆ, ನಕ್ಕೋತ ಹೋದೆ. ಈಗ ನೋಡು, ಅವರು ಮಾಡಿದ್ರ ಅನುಕೂಲ, ನಾ ಮಾಡಿದ್ರ ಅವಮಾನ. ನನಗೂ ಹಣಿ ಅದ, ಅದಕ್ಕೂ ಕುಂಕುಮ ಹತ್ತತದ."

ಅಷ್ಟರಲ್ಲಿ ಆನಂದಕುಮಾರ ಫೋನು ತೆಗೆದುಕೊಂಡ. "ಅಕ್ಕಾ, ನೀ ಪರೇಶಾನ್ ಆಗಬ್ಯಾಡ. ಅವರು ಬರದಿದ್ರ ಬಿಡಲಿ. ವಿಡಿಯೋ ಕಾಲ್ ಹಚ್ಚಿ ಫೋನು ಕೂಸಿನ ಕಿವ್ಯಾಗ ಹಿಡೀತೀನಿ. ಅಲ್ಲಿಂದಽ ಹೆಸರು ಹೇಳು."

"ಮತ್ತ ನನ್ನ ಬೆನ್ನಿಗೆ ಗುದ್ದೋರು ಯಾರೋ? ಫೋನಿನಾಗಿಂದ ಕೈ ಹೊರಗ ಬರ್ತದೇನು?"

ಫೋನು ಇಟ್ಟು ಒಳಗೆ ಬಂದವಳೇ ರೊಟ್ಟಿಗೆ ಕೂತಳು. ಅತ್ತಳು, ಬಡಿದಳು, ಮೂಗು ಒರೆಸಿಕೊಂಡು ಮತ್ತೆ ಬಡಿದಳು. ಹಿಟ್ಟಿನ ಕೊಣಮಿಗೆ ಕಲ್ಲಿನ ಮೇಲೆ ಕುಣಿಯಿತು.

"ಮೆಲ್ಲಕ ಬೇ," ಎಂದರು ಸೂಗಮ್ಮ. "ಅದು ರೊಟ್ಟಿ ಅದ, ನಿಮ್ಮ ಮಾವ ಅಲ್ಲ." ಆಮೇಲೆ ಹತ್ತಿರ ಬಂದು ಕೂತು, ಸೊಸೆ ಹೇಳಿದ್ದನ್ನೆಲ್ಲ ಕೇಳಿ, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡರು. "ನಾ ಹೇಳಿದ್ರ ಜಗಳಾ ಅಂತ ಹಾರಿಸಿಬಿಡ್ತಾರ. ನೀನಽ ಹೇಳು. ನಾಳಿ ಬುತ್ತಿ ನೀನಽ ಒಯ್ಯಿ. ಅಂಗಡ್ಯಾಗ ಗಿರಾಕಿ ಮುಂದ ಒದರಾಡಂಗಿಲ್ಲ ಅವರು."

ಮರುದಿನ ಅಂಜನಾ ಬುತ್ತಿ ಹಿಡಿದು ಸೂಪರ್ ಮಾರ್ಕೆಟ್ಟಿಗೆ ಹೋದಳು. ಆಟೋಗಳ ಸಂದಿಯಲ್ಲಿ ನುಸುಳಿ ಅಂಗಡಿ ಹತ್ತಿದಾಗ ಮಾವ ಹಿಂದೆ ಕೈ ತೊಳೆಯಲು ಹೋಗಿದ್ದರು. ಬುತ್ತಿ ಇಡಲು ಹಣದ ಗಲ್ಲೆಯ ಪಕ್ಕದ ಹಳೇ ಪೇಪರು ಸರಿಸಿದಳು. ಕೆಳಗೆ ಥಳಥಳ ಹೊಳೆಯುವ ಪುಟ್ಟ ಹಿತ್ತಾಳೆ ಬಟ್ಟಲು.

ಭಾಂಡೆಯ ಮೇಲೆ ಹೆಸರು ಕೊರೆಯುವುದರಲ್ಲಿ ಮರೆಪ್ಪನವರ ಕೈ ಹೆಸರುವಾಸಿ. ಕರೆಂಟಿನ ಪೆನ್ನು ಹಿಡಿದರೆ ಅಕ್ಷರ ಮುತ್ತಿನಂತೆ ಬೀಳುತ್ತವೆ. ಆ ಬಟ್ಟಲಿನ ಮೇಲೂ ಬಿದ್ದಿದ್ದವು: ಚಿ. ಎಂದು ಬರೆದು ಹೆಸರಿನ ಜಾಗ ಖಾಲಿ, ಅದರ ಕೆಳಗೆ "ಕಮಲಾಪುರ ಅಂಬಣ್ಣನವರ ಮೊಮ್ಮಗಳಿಗೆ ಬೀಗರಾದ ಮರೆಪ್ಪನವರ ಆಶೀರ್ವಾದ," ಅದರ ಕೆಳಗೆ ತಾರೀಖು. ತೊಟ್ಟಿಲ ಕಾರ್ಯದ ತಾರೀಖು, ಒಂದು ದಿನವೂ ಹಿಂದೆ ಮುಂದೆ ಇಲ್ಲ.

ಮಾವ ಕೈ ಒರೆಸಿಕೊಳ್ಳುತ್ತ ಬಂದರು. ಸೊಸೆಯ ಕೈಯಲ್ಲಿ ಬಟ್ಟಲು ನೋಡಿ ಅಲ್ಲೇ ನಿಂತರು.

"ಮಾವಾರ, ಪತ್ರಿಕಿ ನೋಡಿಲ್ಲ ಅಂದಿದ್ರಿ."

"ನೋಡಿಲ್ಲ."

"ತಾರೀಖು ಹೆಂಗ ಗೊತ್ತಾತ್ರಿ?"

"ಮಂದಿ ಹೇಳಿರ್ತಾರ."

"ಯಾವ ಮಂದಿ? ಮನ್ಯಾಗ ಯಾರೂ ಬಾಯಿ ಬಿಟ್ಟಿಲ್ಲ, ನೀವಽ ಬಿಡಗೊಟ್ಟಿಲ್ಲ."

ಮರೆಪ್ಪ ಅಂಗಡಿಯ ತುಂಬ ಕಣ್ಣಾಡಿಸಿದರು. ಅಷ್ಟು ತಪೇಲಿ, ಕೊಡ, ಹಂಡೆಗಳಲ್ಲಿ ಒಂದೂ ಅವರ ಸಹಾಯಕ್ಕೆ ಬರಲಿಲ್ಲ. "ಪತ್ರಿಕಿ ಛಲೋ ಮಾಡ್ಸ್ಯಾನ ಆನಂದ," ಎಂದರು ಕೊನೆಗೆ. "ತೊಟ್ಟಿಲಕ್ಕ ಹೂವು ಹಚ್ಚಿದ್ದು, ಕೂಸು ಮಲಗಿದ್ದು... ಛಲೋ ಅದ."

ಅಂಜನಾಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು. "ಮಾವಾರ, ನನಗ ಒಬ್ಬನಽ ತಮ್ಮ. ಅವನಿಗೆ ಕೂಸು ಆಗ್ತದೋ ಇಲ್ಲೋ ಅಂತ ನಾವೆಲ್ಲಾ ಎಷ್ಟು ಕಣ್ಣೀರು ಹಾಕೀವಿ, ನಿಮಗ ಗೊತ್ತದ. ಆ ಕೂಸಿನ ಕಿವ್ಯಾಗ ಮೊದಲ ಹೆಸರು ನಾನಽ ಹೇಳಬೇಕು. ಕಳ್ಳಿಯಂಗ ಒಬ್ಬಾಕಿ ಹೋಗಿ ಅಲ್ಲ, ನಿಮ್ಮೆಲ್ಲಾರ ಮುಂದ ಹೇಳಬೇಕು. ನೀವು ಎದುರಿಗೆ ಬಂದು ಕರೀಲಿ ಅಂತೀರಿ. ನಿಮ್ಮ ಈ ಅಂಗಡಿ ಪೂಜಾಕ್ಕ ನಮ್ಮಪ್ಪಗ ಹೆಂಗ ಕರದಿದ್ರಿ, ನೆನಪದನ್ರಿ?"

ನೆನಪಾದದ್ದು ಮರೆಪ್ಪನವರ ಮುಖದ ಮೇಲೆ ಕಂಡಿತು.

"ಗೊನಿ ತಂದಿದ್ರು," ಎಂದರು ಮೆಲ್ಲಗೆ. "ಕೆಂಪು ಬಾಳಿದು. ನಮ್ಮ ಬೀಗರ ತೋಟದ್ದು ಅಂತ ಗಿರಾಕಿಗಳಿಗೆಲ್ಲಾ ಹಂಚಿದ್ದೆ ನಾ." ಬಟ್ಟಲು ಇಸಿದುಕೊಂಡು ಅಂಗಿಯ ತುದಿಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಅಂದು ಬುತ್ತಿ ಅರ್ಧ ಉಳಿಯಿತು. ಅಂಜನಾ ಡಬ್ಬಿ ಕಟ್ಟಿಕೊಂಡು ಇಳಿಯುವಾಗ ಕರೆದು ಹೇಳಿದರು, "ನಾಳಿ ಮುಂಜಾನೆ ಜಲ್ದಿ ತಯಾರಾಗು. ಕಮಲಾಪುರಕ್ಕ ಹೋಗೋದದ."

"ಕಾರ್ಯಕ್ಕ ಇನ್ನೂ ಟೈಮ್ ಅದಲ್ರಿ."

"ಕಾರ್ಯಕ್ಕಲ್ಲ."

ಕಮಲಾಪುರದ ಬಸ್ಸಿನಲ್ಲಿ ಮರೆಪ್ಪ ತೊಡೆಯ ಮೇಲೆ ಬಟ್ಟೆ ಮುಚ್ಚಿದ ತಾಟೊಂದನ್ನು ಇಟ್ಟುಕೊಂಡು ಕೂತರು. ಅದರಲ್ಲೇನಿದೆ ಎಂದು ಸೊಸೆ ಕೇಳಿದರೆ ಕಿಟಕಿಯ ಕಡೆ ತಿರುಗಿದರು. ಮಹಾಗಾಂವ್ ದಾಟುವಾಗ ಜೇಬಿನ ಶಹನಾಯಿ, ಡೋಲು ಎದ್ದು, ಮುಂದಿನ ಸೀಟಿನ ಮುದುಕ ನಿದ್ದೆಯಲ್ಲೇ ಕೈ ಮುಗಿದ. "ಮನಿ ಮುಟ್ಟಿದ್ರೇನು?" ಎಂಬ ಸೂಗಮ್ಮನವರ ಪ್ರಶ್ನೆ ಬಸ್ಸಿಗೆಲ್ಲ ಕೇಳಿತು. "ಇನ್ನೂ ಇಲ್ಲ ಬೇ ಯಕ್ಕ," ಎಂದು ಹಿಂದಿನಿಂದ ಯಾರೋ ಉತ್ತರವನ್ನೂ ಕೊಟ್ಟರು.

ಬೀಗರು ಹೇಳದೆ ಕೇಳದೆ ಬಾಗಿಲಿಗೆ ಬಂದದ್ದು ನೋಡಿ ಅಂಬಣ್ಣನವರು ಕಟ್ಟೆಯ ಮೇಲಿಂದ ಗಡಬಡಿಸಿ ಎದ್ದರು. ಜಗಳಕ್ಕೇ ಬಂದರೆಂದು ತಿಳಿದು ಹೆಗಲಿನ ಟವೆಲು ಸರಿ ಮಾಡಿಕೊಂಡು ನಿಂತರು. "ಬರ್ರಿ, ಕುಂದರ್ರಿ," ಎಂದರು, ಬಿಗಿಯಾಗಿ.

ಮರೆಪ್ಪ ಕೂಡಲಿಲ್ಲ. ತಾಟಿನ ಬಟ್ಟೆ ತೆಗೆದರು. ಕುಂಕುಮದ ಭರಣಿ, ಅಕ್ಷತೆ, ತೆಂಗಿನಕಾಯಿ, ಎಲೆಅಡಿಕೆ.

"ಬೀಗರ, ನಮ್ಮ ಅಂಗಡಿ ಪೂಜಾ ಅದ. ಮನಿಮಂದಿ ಎಲ್ಲಾರೂ ಬರಬೇಕು."

ಅಂಬಣ್ಣ ಮಗಳ ಮುಖ ನೋಡಿದರು. ಬೀಗರ ತಲೆಗೇನಾದರೂ ಆಯಿತೇ ಎಂಬ ಪ್ರಶ್ನೆ ಅವರ ಕಣ್ಣಲ್ಲಿತ್ತು. "ಯಾವ ಪೂಜಾ ರೀ?"

"ಅಂಗಡಿ ದೊಡ್ಡದು ಮಾಡಿದ್ನಲ್ಲ, ಅದು."

"ಅದಾಗಿ ಎರಡು ವರ್ಷ ಆತಲ್ರಿ ಬೀಗರ!"

"ಆಗ್ಯದ. ನೀವು ಬಂದಿದ್ರಿ, ಗೊನಿ ತಂದಿದ್ರಿ, ಉಂಡಿದ್ರಿ. ಆದ್ರ ನಾ ಬಾಯಿಲೆ ಕರದಿದ್ದಿಲ್ಲ. ಈಗ ಕರಿಯಾಕ ಬಂದೀನಿ." ಮರೆಪ್ಪ ಭರಣಿಯ ಮುಚ್ಚಳ ತೆಗೆದರು.

"ತಪ್ಪು ನಂದದ," ಎಂದರು.

ಅವರು ಕುಂಕುಮ ತೆಗೆದು ಬೀಗರ ಹಣೆಗೆ ಹಚ್ಚಿದರು. ಅಂಬಣ್ಣನವರು ಮೊದಲು ನಕ್ಕರು, ಆಮೇಲೆ ಟವೆಲಿನಿಂದ ಕಣ್ಣು ಒರೆಸಿಕೊಂಡರು, ಆಮೇಲೆ ಮೊಣಕಾಲಿನ ನೋವು ಮರೆತು ಒಳಗೆ ಓಡಿದರು. "ಏ ಆನಂದಾ, ಭರಣಿ ತಾರೋ! ಅಕ್ಷತಿ ಎಲ್ಲದಾವ? ಮನಿಗೆ ಬೀಗರು ಬಂದಾರ, ಕರೀಬೇಕು!"

ಬಾಗಿಲಲ್ಲೇ ನಿಲ್ಲಿಸಿ ಬೀಗರ ಹಣೆಗೆ ದೊಡ್ಡ ಬಿಲ್ಲೆಯಷ್ಟು ಕುಂಕುಮ ಹಚ್ಚಿ ಅಂಬಣ್ಣ ಕೈ ಮುಗಿದರು. "ಮೊಮ್ಮಗಳಿಗೆ ತೊಟ್ಟಿಲಕ್ಕ ಹಾಕ್ತೀವಿ. ಎಲ್ಲಾರೂ ಬರಬೇಕ್ರಿ."

"ಖಂಡಿತ ಬರ್ತೀವಿ," ಎಂದರು ಮರೆಪ್ಪ. ಆಮೇಲೆ ಏನೂ ಅರಿಯದವರಂತೆ ಕೇಳಿದರು, "ಯಾವತ್ತದ?"

ಅಂಜನಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ತೊಟ್ಟಿಲ ಕಾರ್ಯದ ದಿನ ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಗುರುಪ್ರಸಾದ ಫೋಟೋ ತೆಗೆಯುತ್ತಿದ್ದ. ಮರೆಪ್ಪನವರು ಕರೆಂಟಿನ ಪೆನ್ನನ್ನೂ ಚೀಲದಲ್ಲಿ ತಂದು, ಪ್ಲಗ್ಗಿನ ಹತ್ತಿರವೇ ಜಾಗ ಹಿಡಿದು, ಖಾಲಿ ಜಾಗದ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ದೊಡ್ಡ ಫೋನು ಮತ್ತೆ ಬೇಕೇನಪ್ಪ ಎಂದು ಮಗ ಕೇಳಿದರೆ, "ಬ್ಯಾಡ. ಕೂಸಿನ ಫೋಟೋ ಪ್ರಿಂಟ್ ತೆಗೆಸಿ ಕೈಯಾಗ ತಂದು ಕೊಡು, ಎದುರಿಗೆ ನಿಂತು," ಎಂದರು.

ಹೆಂಗಸರು ಜೋಗುಳ ಮುಗಿಸಿದರು. ಅಂಜನಾ ತೊಟ್ಟಿಲ ಮೇಲೆ ಬಗ್ಗಿದಳು. ಎಲ್ಲರೂ ಉಸಿರು ಹಿಡಿದರು. ಆಗ ನೋಡಿ ಶಹನಾಯಿ, ಡೋಲು! ಕೂಸು ಬೆಚ್ಚಿ ಕಿಟಾರನೆ ಕಿರುಚಿತು. ಸೂಗಮ್ಮ ಹೋಗಿ ಗಂಡನ ಜೇಬಿಗೇ ಕೈ ಹಾಕಿ ಫೋನು ಕಿತ್ತು ಗುಗ್ಗರಿಯ ಬುಟ್ಟಿಯೊಳಗೆ ಹುಗಿದರು. ಕಾಳಿನ ತಳದಲ್ಲಿ ಮೆರವಣಿಗೆ ಇನ್ನೊಂದಿಷ್ಟು ದೂರ ಹೋಗಿ ನಿಂತಿತು.

ಅಂಜನಾ ಕೂಸಿನ ಕೆನ್ನೆ ಸವರಿದಳು. ಬೆಚ್ಚಗಿನ, ಹಾಲು ವಾಸನೆಯ ಆ ಪುಟ್ಟ ಕಿವಿಗೆ ತುಟಿ ತಾಗಿಸಿ, "ಕುರ್‍ರ್... ಕದಳಿ," ಎಂದಳು. "ಕುರ್‍ರ್... ಕದಳಿ."

ಬಿದ್ದವು ನೋಡಿ ಗುದ್ದು. ಅವ್ವನದು, ಕಾಕಿಯದು, ಓಣಿಯ ಹೆಂಗಸರದು, ದಬದಬ. ಅದರ ನಡುವೆ ಒಂದು ಮಾತ್ರ ಬೇರೆಯೇ ತೂಕದ್ದು, ಬೆನ್ನಿನಿಂದ ಎದೆಗೆ ದಾಟುವಂಥದ್ದು. ಅಂಜನಾ ಕಣ್ಣಲ್ಲಿ ನೀರು ತುಂಬಿಕೊಂಡು ತಿರುಗಿ ನೋಡಿದಳು. ಸೂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಗುದ್ದಿಗೆ ಕೈ ಎತ್ತಿ ನಿಂತಿದ್ದರು.

"ಅತ್ತೀ! ಬೆನ್ನು ಮುರೀತು!"

"ಮುರೀಲಿ," ಎಂದರು ಸೂಗಮ್ಮ. ಅವರ ಕಣ್ಣೂ ಒದ್ದೆಯಾಗಿತ್ತು. "ವಿಡಿಯೋದಾಗ ಸಿಗತಿತ್ತೇನು ಇದು?"